ಇಂಗ್ಲೆಂಡಿನ ಶಾಲೆಯಲ್ಲಿ 'ಕ್ಲರ್ಕ್ ಟು ಗವರ್ನರ್ಸ್' ಅಂದರೆ ಬರೀ ಮಿನಿಟ್ಸ್ ಬರೆಯುವ ಕೆಲಸವಾ?

ನೀವು ಬರೆದದ್ದು ಇಷ್ಟು: ಇಂಗ್ಲೆಂಡಿಗೆ ಬಂದು ಎರಡು ವರ್ಷವಾಯಿತು, ಮಗಳು ಓದುವ ಪ್ರೈಮರಿ ಶಾಲೆಯಲ್ಲಿ ಗವರ್ನರ್‌ಗಳ ಕ್ಲರ್ಕ್ ಕೆಲಸ ಖಾಲಿ ಇದೆ, ಸುಮ್ನೆ ಮೀಟಿಂಗಿನಲ್ಲಿ ಕೂತು ಬರೆದುಕೊಳ್ಳುವುದಾದರೆ ಅರ್ಜಿ ಹಾಕಬಹುದಾ? ನಾನು ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈಗ ಮೂರು ಶಾಲೆಗಳಿಗೆ ಕ್ಲರ್ಕ್. ಅರ್ಜಿ ಖಂಡಿತ ಹಾಕಿ. ಆದರೆ ಮಗಳ ಶಾಲೆಗೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಕೆಲಸ ಸಿಕ್ಕ ದಿನ ಊರಿಗೆ ಫೋನ್ ಮಾಡಿದೆ. "ಎಂ.ಎಸ್ಸಿ. ಮಾಡಿ ಗುಮಾಸ್ತಿಕೆನಾ?" ಎಂದರು ಅಪ್ಪ. ಅವರು ಸರ್ಕಾರಿ ಶಾಲೆಯ ಎಚ್.ಎಂ. ಆಗಿ ನಿವೃತ್ತರಾದವರು. ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಅವರೇ ಸದಸ್ಯ ಕಾರ್ಯದರ್ಶಿ. ಸಭೆ ಕರೆಯುವವರೂ ಅವರೇ, ಶಾಲೆಯ ವರದಿ ಒಪ್ಪಿಸುವವರೂ ಅವರೇ, ಕೊನೆಗೆ ನಡಾವಳಿ ಪುಸ್ತಕ ಬರೆಯುವವರೂ ಅವರೇ. ಇಲ್ಲಿ ಹಾಗೆ ನಡೆಯುವುದಿಲ್ಲ. ಕೌನ್ಸಿಲ್ (ಸ್ಥಳೀಯ ಆಡಳಿತ) ಕೈಕೆಳಗಿನ ಶಾಲೆಗಳಿಗೆ 2013ರ ನಿಯಮಗಳಿವೆ. ಅವುಗಳ ಪ್ರಕಾರ ಕ್ಲರ್ಕ್ ಇರಲೇಬೇಕು, ಆದರೆ ಹೆಡ್‌ಟೀಚರ್ ಆ ಕೆಲಸ ಮಾಡುವಂತಿಲ್ಲ, ಗವರ್ನರ್ ಕೂಡ ಮಾಡುವಂತಿಲ್ಲ. ಅಪ್ಪನಿಗೆ ಇದನ್ನು ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎಚ್ಚೆಮ್ಮಿಗೆ ನೀನು ಆಗಲ್ಲ ಅನ್ನಬಹುದು" ಎಂದರು. ಅದೇ ಕಣಪ್ಪ ಕೆಲಸ ಅಂದೆ.

ಗವರ್ನರ್‌ಗಳು ಸಂಬಳವಿಲ್ಲದ ಸ್ವಯಂಸೇವಕರು. ಪಾಲಕರು, ಸಿಬ್ಬಂದಿ, ಊರಿನ ನಾಲ್ಕು ಜನ. ಶಾಲೆ ಯಾವ ದಾರಿಯಲ್ಲಿ ಹೋಗಬೇಕು ಅಂತ ತೀರ್ಮಾನಿಸುವುದು, ಹೆಡ್‌ಟೀಚರ್ ಹತ್ತಿರ ಲೆಕ್ಕ ಕೇಳುವುದು, ದುಡ್ಡು ಸರಿಯಾಗಿ ಖರ್ಚಾಗುತ್ತಿದೆಯಾ ನೋಡುವುದು ಅವರ ಕೆಲಸ. ಒಳ್ಳೆಯ ಮನಸ್ಸಿನ ಜನ, ಆದರೆ ಆಫೀಸು ಮುಗಿಸಿ ಸುಸ್ತಾಗಿ ಬಂದಿರುತ್ತಾರೆ. ನಿಯಮ ಎಲ್ಲ ಯಾರಿಗೆ ನೆನಪಿರುತ್ತದೆ? ಆ ಕೋಣೆಯಲ್ಲಿ ಓಟು ಇಲ್ಲದೆ ಕೂತಿರುವವರಲ್ಲಿ ನಿಯಮ ಗೊತ್ತಿರಬೇಕಾದವರು ನೀವು.

ಒಂದು ಸಂಜೆ ಬಜೆಟ್ ಒಪ್ಪಿಗೆ ಆಗಬೇಕಿತ್ತು. ಆ ಶಾಲೆಯ ಗವರ್ನರ್‌ಗಳ ಬೋರ್ಡಿನಲ್ಲಿ 12 ಸ್ಥಾನ, ಎರಡು ಖಾಲಿ. ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದ ಕನಿಷ್ಠ ಹಾಜರಿ, ಸದಸ್ಯರಾಗಿರುವವರಲ್ಲಿ ಅರ್ಧ, ಖಾಲಿ ಸ್ಥಾನ ಲೆಕ್ಕಕ್ಕಿಲ್ಲ. ಅಂದರೆ ಐದು ಜನ ಬೇಕು. ಬಂದಿದ್ದೂ ಐದೇ ಜನ. ಏಳೂವರೆಗೆ ಒಬ್ಬರು ಮಗುವನ್ನು ಕರೆತರಬೇಕು ಅಂತ ಎದ್ದು ಹೋದರು. ಚೇರ್ ಮೇಡಂ, "ಎರಡೇ ನಿಮಿಷ, ಮುಗಿಸಿಬಿಡೋಣ" ಎಂದರು. ಆಗುವುದಿಲ್ಲ ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಹೊಟ್ಟೆಯಲ್ಲಿ ಹಿಡಿದ ಹಾಗಾಯಿತು, ನಿಜ. ಆದರೆ ನಾಲ್ಕು ಜನ ಒಪ್ಪಿದ ಬಜೆಟ್‌ಗೆ ಬೆಲೆ ಇಲ್ಲ. ಮುಂದಿನ ವಾರಕ್ಕೆ ಇನ್ನೊಂದು ಸಭೆ ಕರೆದೆವು.

ನಾನೂ ಎಡವಿದ್ದೇನೆ. ಸಭೆಯ ನೋಟಿಸ್ ಮತ್ತು ಕಾಗದಪತ್ರ ಏಳು 'ಪೂರ್ತಿ ದಿನ' ಮುಂಚೆ ಹೋಗಬೇಕು. ಹೊಸದರಲ್ಲಿ ಬುಧವಾರದ ಸಭೆಗೆ ಹಿಂದಿನ ಬುಧವಾರ ಕಳಿಸಿ ನಿಶ್ಚಿಂತೆಯಾಗಿದ್ದೆ. ಕಳಿಸಿದ ದಿನವೂ ಸಭೆಯ ದಿನವೂ ಲೆಕ್ಕಕ್ಕೆ ಬರುವುದಿಲ್ಲ. ವಯಸ್ಸಾದ ಗವರ್ನರ್ ಒಬ್ಬರು ಎಲ್ಲರ ಮುಂದೆ ಬೆರಳು ಮಡಿಸಿ ಎಣಿಸಿದರು: ಆರು! ಆವತ್ತಿನಿಂದ ನಾನು ಹತ್ತು ದಿನ ಮುಂಚೆಯೇ ಕಳಿಸುತ್ತೇನೆ.

ಮಿನಿಟ್ಸ್ ವಿಷಯಕ್ಕೆ ಬಂದರೆ, ಆಡಿದ್ದೆಲ್ಲ ಬರೆಯಬೇಡಿ. ಯಾರು ಏನು ಪ್ರಶ್ನೆ ಕೇಳಿದರು ಅನ್ನುವುದಕ್ಕಿಂತ ಏನು ಪ್ರಶ್ನೆ ಬಂತು, ಏನು ಉತ್ತರ ಸಿಕ್ಕಿತು, ಏನು ತೀರ್ಮಾನವಾಯಿತು ಎಂಬುದು ಮುಖ್ಯ. ಆಫ್‌ಸ್ಟೆಡ್ ತಪಾಸಣೆಗೆ ಬಂದವರು ಮಿನಿಟ್ಸ್ ಕೇಳಿ ಓದುತ್ತಾರೆ. ಗವರ್ನರ್‌ಗಳು ಹೆಡ್‌ಟೀಚರ್‌ಗೆ ಕಷ್ಟದ ಪ್ರಶ್ನೆ ಕೇಳುತ್ತಾರಾ ಇಲ್ಲವಾ ಅಂತ ಅವರಿಗೆ ಗೊತ್ತಾಗುವುದು ಅಲ್ಲೇ. ಇನ್ನೊಂದು ಚಿಕ್ಕ ವಿಷಯ, ಆದರೆ ಜಾಸ್ತಿ ಜನ ತಪ್ಪುವುದು ಇಲ್ಲೇ. ಯಾರಾದರೂ ಬರಲಾಗುವುದಿಲ್ಲ ಅಂತ ತಿಳಿಸಿದರೆ, ತಿಳಿಸಿದರು ಅಂತಷ್ಟೇ ಬರೆದರೆ ಸಾಲದು. ಬೋರ್ಡು ಒಪ್ಪಿತಾ ಇಲ್ಲವಾ ಅದನ್ನೂ ಬರೆಯಬೇಕು. ಒಪ್ಪಿಗೆ ಇಲ್ಲದೆ ಆರು ತಿಂಗಳು ಸಭೆಗೆ ಬಾರದಿದ್ದರೆ ಗವರ್ನರ್ ಸ್ಥಾನವೇ ಹೋಗುತ್ತದೆ.

ಮನಸ್ಸಿಗೆ ಭಾರವಾಗುವ ಕೆಲಸವೂ ಒಂದಿದೆ. ಮಗುವನ್ನು ಶಾಲೆಯಿಂದ ಶಾಶ್ವತವಾಗಿ ತೆಗೆದುಹಾಕಿದರೆ, 15 ಶಾಲಾ ದಿನಗಳೊಳಗೆ ಗವರ್ನರ್‌ಗಳ ಸಮಿತಿ ಕೂತು ಅದು ಸರಿಯಾ ಅಂತ ನೋಡಬೇಕು. ಕಡಿಮೆ ಅಂದರೆ ಮೂರು ಜನ. ಅಪ್ಪ ಅಮ್ಮ ಬರುತ್ತಾರೆ, ಕೆಲವೊಮ್ಮೆ ಮಗುವೂ ಬರುತ್ತದೆ. ಎಲ್ಲರ ಮಾತು ಮುಗಿದ ಮೇಲೆ ತೀರ್ಮಾನಕ್ಕೆ ಸಮಿತಿಯನ್ನು ಬಿಟ್ಟು ಎಲ್ಲರೂ ಹೊರಗೆ ಹೋಗಬೇಕು, ಕ್ಲರ್ಕ್ ಒಬ್ಬರು ಉಳಿಯಬಹುದು. ನನ್ನ ಮೊದಲ ಸಲ ಪಾಲಕರು ಎದ್ದು ಹೋದರು, ಹೆಡ್‌ಟೀಚರ್ ಫೈಲು ಜೋಡಿಸುತ್ತಾ ಅಲ್ಲೇ ಉಳಿದರು. ಬೇಕಂತ ಅಲ್ಲ, ಅಭ್ಯಾಸಬಲ. "ಸಾರಿ, ನೀವೂ ಹೊರಗೆ ಬರಬೇಕು" ಎಂದೆ. ಬಾಗಿಲಲ್ಲಿ ನಿಂತಿದ್ದ ಆ ತಾಯಿ ತಿರುಗಿ ನನ್ನನ್ನು ನೋಡಿದರು. ತೀರ್ಮಾನ ಅವರ ಪರ ಆಗಲಿಲ್ಲ. ಆದರೆ ಅವರಿಗೆ ಕಳಿಸುವ ಪತ್ರದಲ್ಲಿ ಕಾರಣಗಳನ್ನೂ, ಮತ್ತೆ 15 ಶಾಲಾ ದಿನಗಳೊಳಗೆ ಸ್ವತಂತ್ರ ಸಮಿತಿಯಿಂದ ಮರುಪರಿಶೀಲನೆ ಕೇಳಬಹುದು ಅನ್ನುವುದನ್ನೂ ಒಂದು ಅಕ್ಷರ ಬಿಡದೆ ಹಾಕಿಸಿದೆ.

ಈಗ ಗೊತ್ತಾಯಿತಲ್ಲ, ಮಗಳ ಶಾಲೆ ಯಾಕೆ ಬೇಡ ಅಂತ? ನಿಯಮ ಬೇಡ ಅನ್ನುವುದಿಲ್ಲ. ಆದರೆ ಮಗಳ ಗೆಳತಿಯ ಮನೆಯ ವಿಷಯ, ಅವಳ ಟೀಚರ್ ಮೇಲೆ ಬಂದ ದೂರು ಎಲ್ಲ ನಿಮ್ಮ ಕಿವಿಗೆ ಬೀಳುತ್ತದೆ. ಮಾರನೇ ದಿನ ಗೇಟಿನ ಹತ್ತಿರ ಏನೂ ಗೊತ್ತಿಲ್ಲದ ಹಾಗೆ ನಿಲ್ಲಬೇಕು. ನನ್ನಿಂದ ಆಗುತ್ತಿರಲಿಲ್ಲ.

ನಿಮ್ಮ ಕೌನ್ಸಿಲ್‌ನಲ್ಲಿ ಕ್ಲರ್ಕಿಂಗ್ ವಿಭಾಗ ಇದೆಯಾ ವಿಚಾರಿಸಿ. ಇದ್ದರೆ ಅಲ್ಲಿ ಸೇರಿಕೊಂಡರೆ ತರಬೇತಿಯೂ ಸಿಗುತ್ತದೆ, ಬೇರೆ ಶಾಲೆಗಳೂ ಸಿಗುತ್ತವೆ. 'ಗವರ್ನೆನ್ಸ್ ಪ್ರೊಫೆಷನಲ್' ಅಂತಲೂ ಹುಡುಕಿ, ಈಗ ಆ ಹೆಸರೇ ಹೆಚ್ಚು ಓಡುತ್ತಿದೆ. ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆ ಮರೆಯದೆ ಕೇಳಿ: ಒಂದು ಸಭೆಗೆ ಎಷ್ಟು ಗಂಟೆಯ ಸಂಬಳ? ಎರಡು ಗಂಟೆಯ ಸಭೆಗೆ ನನಗೆ ಹಿಂದೆಮುಂದೆ ಸೇರಿ ಎಂಟು ಗಂಟೆ ಹಿಡಿಯುತ್ತದೆ. ಮೂರು ಗಂಟೆ ಅಂದರೆ ನಮಸ್ಕಾರ ಹೇಳಿ ಬನ್ನಿ.

ಅರ್ಜಿ ಹಾಕುವ ಮುಂಚೆ ಆ ಶಾಲೆಯ ಹಳೆಯ ಮಿನಿಟ್ಸ್ ಒಂದು ವರ್ಷದ್ದು ಓದಿ. ಕೌನ್ಸಿಲ್ ಶಾಲೆಯಾದರೆ ಆಫೀಸಿಗೆ ಹೋಗಿ ಕೇಳಿ, ಗೌಪ್ಯ ಭಾಗ ಬಿಟ್ಟು ಉಳಿದದ್ದನ್ನು ತೋರಿಸಲೇಬೇಕು. ಮೂರೂ ಟರ್ಮಿನ ಸಭೆಯಲ್ಲಿ ಹೆಡ್‌ಟೀಚರ್‌ಗೆ ಒಂದೂ ಪ್ರಶ್ನೆ ಕಾಣದಿದ್ದರೆ, ಅಲ್ಲಿ ನಿಮಗೆ ಕೆಲಸ ಜಾಸ್ತಿ ಇದೆ ಅಂತ ತಿಳಿಯಿರಿ.