ದೊಡ್ಡವರಿಗಾಗಿ ಬರೆದ ಕಾಮಿಕ್ಸ್ ಓದಬೇಕು, ಯಾವುದರಿಂದ ಶುರು ಮಾಡಲಿ?

"ಚಿಕ್ಕವನಿದ್ದಾಗ ಕಾಮಿಕ್ಸ್ ಅಂದ್ರೆ ಪ್ರಾಣ. ಆಮೇಲೆ ಬಿಟ್ಟೇ ಹೋಯಿತು. ಮೊನ್ನೆ 'ವಯಸ್ಕರಿಗೆ ಮಾತ್ರ' ಅಂತ ಮುಖಪುಟದಲ್ಲಿದ್ದ ಒಂದು ಸರಣಿ ತಗೊಂಡೆ. ಒಳಗೆ ಬರೀ ರಕ್ತ, ಬೈಗುಳ, ಬೆತ್ತಲೆ ಚಿತ್ರ. ದೊಡ್ಡವರ ಕಾಮಿಕ್ಸ್ ಅಂದರೆ ಇಷ್ಟೇನಾ?" ಎಂದು ಕೇಳಿದ್ದೀರಿ.

ಖಂಡಿತ ಇಷ್ಟೇ ಅಲ್ಲ. ನಿಮಗೆ ಸಿಕ್ಕಿದ ಥರದ ಪುಸ್ತಕಗಳು ಬೇಕಾದಷ್ಟಿವೆ, ಅದು ನಿಜ. ಮೊದಮೊದಲು ನನ್ನ ಕೈಗೂ ಅಂಥವೇ ಬಂದವು. ಎಷ್ಟೋ ಪುಸ್ತಕ ಓದಿದ ಮೇಲೆ ನನಗೇ ಒಂದು ಅಳತೆಗೋಲು ಸಿಕ್ಕಿತು. ಈಗ ಯಾವುದೇ ಸರಣಿ ಹಿಡಿದರೂ ಒಂದೇ ವಿಷಯ ನೋಡುತ್ತೇನೆ. ಆಗಿದ್ದು ಆಗಿಯೇ ಉಳಿಯುತ್ತದಾ? ಸತ್ತವರು ಸತ್ತೇ ಇರುತ್ತಾರಾ?

ಚಿಕ್ಕಂದಿನಲ್ಲಿ ನಾವು ಓದಿದ ಸೂಪರ್‌ಹೀರೋ ಕಥೆಗಳಲ್ಲಿ ಹಾಗಿರಲಿಲ್ಲ, ಅಲ್ವಾ? ಸತ್ತವನು ವರ್ಷ ಕಳೆಯುವುದರೊಳಗೆ ಎದ್ದು ಬರುತ್ತಿದ್ದ. ಊರಿಗೆ ಊರೇ ನೆಲಸಮವಾದರೂ ಮುಂದಿನ ತಿಂಗಳು ಎಲ್ಲ ಮೊದಲಿನ ಹಾಗೆ. ಆ ಕಥೆ ಮುಗಿಯುವ ಹಾಗೇ ಇಲ್ಲ. ನನ್ನ ಲೆಕ್ಕದಲ್ಲಿ ದೊಡ್ಡವರ ಕಾಮಿಕ್ಸ್‌ನಲ್ಲಿ ಮಾಡಿದ ತಪ್ಪು ಕೊನೆಯ ಪುಟದವರೆಗೂ ಬೆನ್ನ ಹಿಂದೆ ಬರುತ್ತದೆ. ಜನಕ್ಕೆ ವಯಸ್ಸಾಗುತ್ತದೆ. ಕಥೆ ಮುಗಿಯುತ್ತದೆ.

ಇದಕ್ಕೆ ಹಿಂದೆ ಒಂದು ಚರಿತ್ರೆಯೂ ಇದೆ. 1954ರಲ್ಲಿ ಅಮೆರಿಕದಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆ ಎಂಬ ಗಲಾಟೆ ಎದ್ದಿತು. ಸೆನೆಟ್ ಸಮಿತಿಯೊಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಸೇರಿ 'ಕಾಮಿಕ್ಸ್ ಕೋಡ್' ಎಂಬ ನಿಯಮಾವಳಿ ಮಾಡಿಕೊಂಡರು. ಅದರ ಮುದ್ರೆ ಮುಖಪುಟದ ಮೇಲಿಲ್ಲದ ಪುಸ್ತಕ ಅಂಗಡಿ ಸೇರುವುದೇ ಕಷ್ಟವಾಯಿತು. ರಕ್ತಪಿಶಾಚಿ, ನಡೆದಾಡುವ ಹೆಣ ಇವೆಲ್ಲ ನಿಷೇಧ. ಪೊಲೀಸರ ಮೇಲೆ, ನ್ಯಾಯಾಧೀಶರ ಮೇಲೆ ಅಗೌರವ ಹುಟ್ಟುವಂತೆ ತೋರಿಸಬಾರದು. ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವ ನಿಯಮ ಬೇರೆ. ಪ್ರತಿ ಸಲವೂ ಒಳ್ಳೆಯದೇ ಗೆಲ್ಲಬೇಕು ಎಂದು ಅದರಲ್ಲಿ ಬರೆದಿತ್ತು. ಕಥೆ ಹೇಗೆ ಮುಗಿಯಬೇಕು ಎಂಬುದು ಶುರುವಾಗುವ ಮೊದಲೇ ತೀರ್ಮಾನ! ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ 1993ರಲ್ಲಿ ಸಂಪಾದಕಿ ಕರೆನ್ ಬರ್ಗರ್ ಕೈಗೆ ಈ ಮುದ್ರೆಯ ಹಂಗಿಲ್ಲದ 'ವರ್ಟಿಗೊ' ಎಂಬ ಬೇರೆ ವಿಭಾಗವನ್ನೇ ಕೊಟ್ಟಾಗ, ಬರಹಗಾರರಿಗೆ ರಕ್ತ ಚೆಲ್ಲುವ ಸ್ವಾತಂತ್ರ್ಯ ಸಿಕ್ಕಿತು ಎಂದು ಹಲವರು ಹೇಳುತ್ತಾರೆ. ನನ್ನ ಪ್ರಕಾರ ಸಿಕ್ಕಿದ್ದು ಮುಗಿಸುವ ಸ್ವಾತಂತ್ರ್ಯ.

ಅದಕ್ಕೇ ನಿಮಗೆ ಮೊದಲು ಹೇಳುವುದು 'ಡೇಟ್ರಿಪ್ಪರ್'. ಬ್ರೆಜಿಲ್‌ನ ಅವಳಿ ಸಹೋದರರು ಫಾಬಿಯೊ ಮೂನ್, ಗಾಬ್ರಿಯೆಲ್ ಬಾ ಸೇರಿ ಮಾಡಿದ್ದು. 2010ರಲ್ಲಿ ಹತ್ತು ಸಂಚಿಕೆಯಾಗಿ ಬಂತು, ಈಗ ಒಂದೇ ಸಂಪುಟದಲ್ಲಿ ಸಿಗುತ್ತದೆ. ಬ್ರಾಸ್ ಎಂಬಾತ ಪತ್ರಿಕೆಯೊಂದಕ್ಕೆ ಸತ್ತವರ ಬಗ್ಗೆ ಶ್ರದ್ಧಾಂಜಲಿ ಬರೆಯುವವನು. ಅಪ್ಪ ದೊಡ್ಡ ಸಾಹಿತಿ. ತಾನೂ ಕಾದಂಬರಿ ಬರೆಯಬೇಕು ಅಂತ ಆಸೆ. ಮೊದಲ ಅಧ್ಯಾಯದಲ್ಲಿ ಅವನಿಗೆ 32 ವರ್ಷ, ಅಧ್ಯಾಯದ ಕೊನೆಗೆ ಸಾಯುತ್ತಾನೆ. ಎರಡನೆಯ ಅಧ್ಯಾಯದಲ್ಲಿ 21, ಅಲ್ಲೂ ಸಾಯುತ್ತಾನೆ. ಹೀಗೆ ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ದಿನ. ಪ್ರತಿ ಸಲ ಅವನ ಬದುಕನ್ನು ಕೆಲವೇ ಸಾಲಿನ ಶ್ರದ್ಧಾಂಜಲಿ ಮುಚ್ಚುತ್ತದೆ. ಸತ್ತವನು ವಾಪಸ್ ಬರಬಾರದು ಅಂತ ಈಗಷ್ಟೇ ಹೇಳಿದವರು ಇದನ್ನು ಹೇಗೆ ಹೇಳುತ್ತೀರಿ ಎನ್ನಬಹುದು. ಓದಿ ನೋಡಿ. ಇಲ್ಲಿ ಅವನು ಬದುಕಿ ಬಂದ ಅಂತ ಒಮ್ಮೆಯೂ ಅನ್ನಿಸುವುದಿಲ್ಲ. ಆ ದಿನ ಮುಗಿದಿದ್ದರೆ ಏನೇನು ಉಳಿದುಹೋಗುತ್ತಿತ್ತು ಅನ್ನುವುದೇ ಕಾಡುತ್ತದೆ. ಮೂರನೆಯ ಅಧ್ಯಾಯದ ಹೊತ್ತಿಗೆ ನಾನು ಪುಟ ತಿರುಗಿಸಲು ಹಿಂದೆ ಮುಂದೆ ನೋಡತೊಡಗಿದ್ದೆ. ಹಾಳೆ ಕಡಿಮೆ ಉಳಿದಷ್ಟೂ ಅವನಿಗೆ ಹೊತ್ತು ಕಡಿಮೆ ಎಂದು ಕೈಗೆ ಗೊತ್ತಾಗುತ್ತಿತ್ತು.

ಅದು ಹಿಡಿಸಿದರೆ ಆಮೇಲೆ 'ಮಾನ್‌ಸ್ಟರ್'. ಇದು ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ನಾವೊಕಿ ಉರಸಾವಾ ಅವರದು, 1994ರಿಂದ 2001ರವರೆಗೆ ಬಂದದ್ದು, 18 ಸಂಪುಟ. ಸಂಖ್ಯೆ ನೋಡಿ ಗಾಬರಿಯಾಗಬೇಡಿ, ಓಡಿಸಿಕೊಂಡು ಹೋಗುತ್ತದೆ. ಕೆಂಜೊ ಟೆನ್ಮಾ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಮೆದುಳಿನ ಸರ್ಜನ್. ಒಂದು ರಾತ್ರಿ ತಲೆಗೆ ಗುಂಡು ಬಿದ್ದ ಹುಡುಗನನ್ನು ತರುತ್ತಾರೆ. ಹಿಂದೆಯೇ ಊರಿನ ಮೇಯರ್. ಮೇಯರ್‌ಗೆ ಆಪರೇಷನ್ ಮಾಡು ಅಂತ ಮೇಲಿನವರ ಅಪ್ಪಣೆ. ಟೆನ್ಮಾ ಹುಡುಗನನ್ನೇ ಉಳಿಸುತ್ತಾನೆ. ವರ್ಷಗಳ ಮೇಲೆ ಆ ಹುಡುಗ ಕೊಲೆಗಾರನಾಗಿ ಎದುರಿಗೆ ನಿಲ್ಲುತ್ತಾನೆ.

ಎಲ್ಲರೂ ಹೇಳುವುದು ಇಷ್ಟು. ನಾನು ಹೇಳಬೇಕಾದದ್ದು ಅದಕ್ಕಿಂತ ಸ್ವಲ್ಪ ಮುಂಚಿನ ಒಂದು ದೃಶ್ಯ. ಹಿಂದೊಮ್ಮೆ ಇದೇ ಟೆನ್ಮಾ ಮೇಲಿನವರ ಮಾತು ಕೇಳಿ, ಮೊದಲು ಬಂದಿದ್ದ ಟರ್ಕಿಯ ಕೂಲಿಯಾಳನ್ನು ಬಿಟ್ಟು ಹೆಸರಾಂತ ಗಾಯಕನಿಗೆ ಆಪರೇಷನ್ ಮಾಡಿರುತ್ತಾನೆ. ಕೂಲಿಯಾಳು ಸತ್ತುಹೋಗಿರುತ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಟೆನ್ಮಾನನ್ನು ಹಿಡಿದು ನಿಲ್ಲಿಸಿ, ನಮ್ಮವರು ಮೊದಲು ಬಂದಿದ್ದರಲ್ಲ, ಅವರನ್ನು ವಾಪಸ್ ಕೊಡಿ ಎಂದು ಅಳುತ್ತಾಳೆ. ಪಕ್ಕದಲ್ಲಿ ಪುಟ್ಟ ಮಗು. ಉರಸಾವಾ ಅವನ ಮುಖದಲ್ಲಿ ದೊಡ್ಡ ಭಾವವನ್ನೇನೂ ಬರೆಯುವುದಿಲ್ಲ. ಆದರೆ ಆ ಮುಖ ನೋಡಿದ ಮೇಲೆ, ಅವನು ಮೇಯರ್‌ನನ್ನು ಬಿಟ್ಟು ಹುಡುಗನ ಕಡೆ ಹೋಗಿದ್ದು ಯಾಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಒಳ್ಳೆಯ ಕೆಲಸದಿಂದಲೇ ಕೇಡು ಹುಟ್ಟಿತು. ಈಗ ಏನು ಮಾಡುತ್ತೀಯ? ಆ ಪ್ರಶ್ನೆಯನ್ನು 18 ಸಂಪುಟ ಎಲ್ಲೂ ಕೈಬಿಡುವುದಿಲ್ಲ. ರಕ್ತ ಇದೆ, ಆದರೆ ಕಣ್ಣಿಗೆ ರಾಚುವ ಹಾಗಿಲ್ಲ. ಹೆದರಿಕೆ ಮಾತ್ರ ಬೆನ್ನುಮೂಳೆಗೆ ಇಳಿಯುತ್ತದೆ.

'ವಾಚ್‌ಮೆನ್'ನಿಂದ ಶುರು ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಪುಸ್ತಕ ಚೆನ್ನಾಗಿಲ್ಲ ಅಂತಲ್ಲ, ಅದು ನಾನು ಓದಿದ ಅತ್ಯುತ್ತಮ ಕೃತಿಗಳಲ್ಲಿ ಒಂದು. ಆಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ 12 ಸಂಚಿಕೆ, 1986-87ರಲ್ಲಿ ಬಂದದ್ದು. ಆದರೆ ಬಹುಕಾಲದ ನಂತರ ಕಾಮಿಕ್ಸ್‌ಗೆ ಮರಳುವವರು ಬರೀ ಮಾತು ಓದಿಕೊಂಡು ಓಡುತ್ತಾರೆ. ನಾನೂ ಹಾಗೇ ಒಂದೇ ರಾತ್ರಿಯಲ್ಲಿ ಮುಗಿಸಿದೆ, ಏನೂ ದಕ್ಕಲಿಲ್ಲ. ತಿಂಗಳು ಬಿಟ್ಟು ಮತ್ತೆ ತೆಗೆದಾಗ ಮೊದಲ ಪುಟದಲ್ಲೇ ಹತ್ತು ನಿಮಿಷ ಕೂತೆ. ಮೊದಲ ಚೌಕದಲ್ಲಿ ಚರಂಡಿಯ ಅಂಚಿನ ರಕ್ತದಲ್ಲಿ ಬಿದ್ದ ಹಳದಿ ನಗುಮುಖದ ಬ್ಯಾಡ್ಜ್. ಅಲ್ಲಿಂದ ಚೌಕದಿಂದ ಚೌಕಕ್ಕೆ ನೋಟ ಮೇಲೆ ಮೇಲೆ ಏರುತ್ತದೆ. ಕೊನೆಗೆ ನಾವು ಎತ್ತರದ ಕಟ್ಟಡದ ಒಡೆದ ಕಿಟಕಿಯ ಹತ್ತಿರ ಇರುತ್ತೇವೆ, ಒಬ್ಬಾತ ಕೆಳಗೆ ಬಗ್ಗಿ ನೋಡುತ್ತಿರುತ್ತಾನೆ. ನಡುವೆ ರಸ್ತೆಯಲ್ಲಿ 'ಅಂತ್ಯ ಹತ್ತಿರ ಬಂತು' ಎಂಬ ಫಲಕ ಹೊತ್ತವನೊಬ್ಬ ಆ ರಕ್ತವನ್ನೇ ತುಳಿದು ಹೆಜ್ಜೆ ಗುರುತು ಬಿಟ್ಟು ಹೋಗುತ್ತಾನೆ. ಮೊದಲ ಸಲ ನಾನು ಅವನನ್ನು ಗಮನಿಸಿಯೇ ಇರಲಿಲ್ಲ. ನೀವು ಓದುವಾಗ ಅವನ ಮೇಲೆ ಒಂದು ಕಣ್ಣಿಡಿ, ಇದಕ್ಕಿಂತ ಜಾಸ್ತಿ ಹೇಳಲ್ಲ. ನಿಧಾನ ಕಲಿತ ಮೇಲೆ ಈ ಪುಸ್ತಕಕ್ಕೆ ಬನ್ನಿ.

'ಮೌಸ್' ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಆರ್ಟ್ ಸ್ಪೀಗೆಲ್‌ಮನ್ ತಮ್ಮ ಅಪ್ಪ ವ್ಲಾಡೆಕ್ ನಾಜಿಗಳ ಕೈಯಿಂದ ಬದುಕುಳಿದ ಕಥೆಯನ್ನು ಬರೆದಿದ್ದಾರೆ. ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. 1992ರಲ್ಲಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಇಲಿ ಬೆಕ್ಕು ಅಂದ ಕೂಡಲೇ ಮಕ್ಕಳದ್ದು ಅಂದುಕೊಳ್ಳಬೇಡಿ. ಶುರುವಿನಲ್ಲೇ ಒಂದು ಚಿತ್ರವಿದೆ. ವಯಸ್ಸಾದ ಅಪ್ಪ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದಾನೆ, ಮಗ ನಿಮ್ಮ ಕಥೆ ಹೇಳಿ ಎಂದು ಕೇಳುತ್ತಿದ್ದಾನೆ. ಹ್ಯಾಂಡಲ್ ಹಿಡಿದ ಅಪ್ಪನ ತೋಳುಗಳ ನಡುವೆ ಮಗ ಪುಟ್ಟದಾಗಿ ಕಾಣುತ್ತಾನೆ. ಆ ತೋಳಿನ ಮೇಲೆ ನಾಜಿಗಳ ಸೆರೆಶಿಬಿರವಾದ ಆಶ್ವಿಟ್ಜ್‌ನಲ್ಲಿ ಹಚ್ಚೆ ಹಾಕಿದ ಅಂಕಿಗಳು. ಅದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಹಿಂದೆಂದೋ ನಡೆದದ್ದು ಮಗನ ಬದುಕಿಗೂ ಬೇಲಿ ಹಾಕಿದೆ ಎಂಬುದನ್ನು ಆ ಒಂದೇ ಚಿತ್ರ ಹೇಳಿಬಿಡುತ್ತದೆ. ಅಪ್ಪ ಜಿಪುಣ, ಹಟಮಾರಿ, ಜೊತೆಗಿರುವವರಿಗೆ ಸಾಕುಸಾಕಾಗಿಸುವವನು. ಕಷ್ಟಪಟ್ಟವರೆಲ್ಲ ದೇವರಂಥವರು ಎಂದು ತೋರಿಸುವ ಸುಲಭದ ದಾರಿಯನ್ನು ಮಗ ಹಿಡಿಯಲಿಲ್ಲ. ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಇನ್ನು ಅಪರಾಧದ ಕಥೆ ಬೇಕಾದರೆ 'ಹಂಡ್ರೆಡ್ ಬುಲೆಟ್ಸ್'. ಅಝರೆಲ್ಲೊ ಕಥೆ, ರಿಸ್ಸೊ ಚಿತ್ರ, ಸರಿಯಾಗಿ 100 ಸಂಚಿಕೆ. ಒಬ್ಬ ಅಪರಿಚಿತ ಬಂದು ನಿಮ್ಮ ಕೈಗೆ ಪೆಟ್ಟಿಗೆ ಕೊಡುತ್ತಾನೆ. ನಿಮ್ಮ ಬದುಕು ಹಾಳು ಮಾಡಿದವರು ಯಾರು ಎಂಬುದಕ್ಕೆ ಸಾಕ್ಷಿ, ಒಂದು ಪಿಸ್ತೂಲು, ಯಾವ ಪೊಲೀಸರೂ ಬೆನ್ನು ಹತ್ತದ ನೂರು ಗುಂಡು. ಏನು ಮಾಡುತ್ತೀರಿ? ನಡುವೆ ಸ್ವಲ್ಪ ಗೋಜಲಾಗುತ್ತದೆ, ತಾಳ್ಮೆ ಬೇಕು. ಹಗುರವಾಗಿ ಓಡುವುದು ಬೇಕಾದರೆ 'ವೈ: ದ ಲಾಸ್ಟ್ ಮ್ಯಾನ್', 60 ಸಂಚಿಕೆ. ಭೂಮಿಯ ಮೇಲಿನ ಗಂಡು ಸಸ್ತನಿಗಳೆಲ್ಲ ಒಂದೇ ದಿನ ಸಾಯುತ್ತವೆ. ಉಳಿಯುವುದು ಒಬ್ಬ ಯುವಕ, ಅವನ ಸಾಕುಕೋತಿ. ಕೊನೆಯ ಸಂಚಿಕೆಯನ್ನು ಮಾತ್ರ ಒಬ್ಬರೇ ಕೂತು ಓದಿ.

ಒಂದು ಎಚ್ಚರಿಕೆ. 'ಬರ್ಸರ್ಕ್' ಎಂಬ ಮಂಗಾ ಓದು ಅಂತ ಯಾರಾದರೂ ಸುಮ್ನೆ ಕೈಗಿಟ್ಟರೆ, ಅದರಲ್ಲಿ ಲೈಂಗಿಕ ಹಿಂಸೆಯ ದೃಶ್ಯಗಳಿವೆ ಎಂದು ಗೊತ್ತಿರಲಿ. ನೋಡಲಾರದಷ್ಟು ಕ್ರೂರ. ಇದನ್ನು ಮೊದಲೇ ಹೇಳದೆ ಶಿಫಾರಸು ಮಾಡುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅಲ್ಲಿ ಆ ಹಿಂಸೆ ಮರೆತುಹೋಗುವುದಿಲ್ಲ. ಅದನ್ನು ಅನುಭವಿಸಿದವರು ಅದರ ಜೊತೆಗೇ ಸಂಪುಟಗಟ್ಟಲೆ ಬದುಕಬೇಕು. ಬರೆದ ಕೆಂಟಾರೊ ಮಿಯುರಾ 2021ರಲ್ಲಿ ತೀರಿಕೊಂಡರು, ಕಥೆ ಅರ್ಧಕ್ಕೇ ನಿಂತಿತು. ಕೊನೆ ಏನು ಎಂದು ಅವರು ಗೆಳೆಯ ಕೋಜಿ ಮೋರಿಗೆ ಎಂದೋ ಹೇಳಿದ್ದರಂತೆ. 2022ರಿಂದ ಮೋರಿ ಆ ನೆನಪಿನಿಂದ, ಮಿಯುರಾ ಅವರ ಸಹಾಯಕರ ಕೈಯಲ್ಲಿ ಚಿತ್ರ ಬರೆಸಿ ಮುಂದುವರಿಸುತ್ತಿದ್ದಾರೆ. ತಾನು ಕೇಳದ ಸಂಗತಿ ಸೇರಿಸುವುದಿಲ್ಲ ಎಂದು ಓದುಗರಿಗೆ ಮಾತು ಕೊಟ್ಟಿದ್ದಾರೆ. ಗೆಳೆಯನ ಕಥೆಯನ್ನು ಹೀಗೆ ಹೊತ್ತು ನಡೆಯುವುದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಮುಗಿಯದ ಸರಣಿ ಶುರು ಮಾಡಬಹುದಾ ಎಂದೂ ಕೇಳಿದ್ದಿರಿ. ಒಂದಕ್ಕಾಗಿ ನಾನು ಕಾಯುತ್ತಿದ್ದೇನೆ, 'ಸಾಗಾ'. ಬ್ರಯನ್ ವಾನ್, ಫಿಯೊನಾ ಸ್ಟೇಪಲ್ಸ್ ಇಬ್ಬರದು. ಯುದ್ಧದಲ್ಲಿರುವ ಎರಡು ಜನಾಂಗಗಳ ಸೈನಿಕರು ಮದುವೆಯಾಗಿ ಮಗು ಹೆರುತ್ತಾರೆ, ಎರಡೂ ಕಡೆಯವರು ಕೊಲ್ಲಲು ಹುಡುಕುತ್ತಾರೆ. ಕಥೆ ಹೇಳುವುದು ಆ ಮಗು, ಹೇಜಲ್, ದೊಡ್ಡವಳಾದ ಮೇಲೆ. ಅವಳ ನಿರೂಪಣೆಯ ಮಾತನ್ನು ಚೌಕದ ಡಬ್ಬಿಯೊಳಗೆ ಹಾಕಿಲ್ಲ, ಸ್ಟೇಪಲ್ಸ್ ತಮ್ಮ ಕೈಬರಹದಲ್ಲೇ ಚಿತ್ರದ ಮೇಲೆ ಬರೆಯುತ್ತಾರೆ. ಹಾಗಾಗಿ ಹೇಜಲ್ ಉಳಿಯುತ್ತಾಳೆ ಎಂದು ಮೊದಲ ಸಂಚಿಕೆಯಿಂದಲೇ ಗೊತ್ತು. ಉಳಿದವರು ಉಳಿಯುತ್ತಾರಾ ಎಂಬುದು ಗೊತ್ತಿಲ್ಲ, ಆ ಭಯವೇ ಓದಿಸುತ್ತದೆ. 2018ರಲ್ಲಿ 54ನೆಯ ಸಂಚಿಕೆ ಒಂದು ಭಾರಿ ಏಟು ಕೊಟ್ಟು ನಿಂತಿತು. 55 ಬಂದದ್ದು 2022ರ ಜನವರಿಯಲ್ಲಿ. ಆ ಮೂರೂವರೆ ವರ್ಷ ನಾನು 54ನ್ನು ಮತ್ತೆ ತೆರೆಯಲಿಲ್ಲ, ಧೈರ್ಯ ಬರಲಿಲ್ಲ. 55ರಲ್ಲಿ ಕಥೆಯೊಳಗೂ ವರ್ಷಗಳು ಕಳೆದಿದ್ದವು, ಹೇಜಲ್ ಬೆಳೆದಿದ್ದಳು. ಕಳೆದುಕೊಂಡದ್ದು ಮಾತ್ರ ವಾಪಸ್ ಬಂದಿರಲಿಲ್ಲ.

ನೀವು ಈಗ 'ಡೇಟ್ರಿಪ್ಪರ್' ತೆಗೆದುಕೊಳ್ಳಿ. ದಿನಕ್ಕೆ ಒಂದೇ ಅಧ್ಯಾಯ. ಮೂರನೆಯದು ಮುಗಿದ ಮೇಲೆ ಹೇಗನ್ನಿಸಿತು ಎಂದು ಇಲ್ಲೇ ಕೆಳಗೆ ಬರೆಯಿರಿ, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.