ಸಂಜೆ ಐದೂವರೆಯ ಖೋ ಖೋಗೆ ಯಾವ ಲೆನ್ಸ್?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಖೋ ಖೋ ಆಡುತ್ತಾಳೆ. ಮ್ಯಾಚುಗಳೆಲ್ಲ ಹೆಚ್ಚಾಗಿ ಸಂಜೆ ಹೊತ್ತು. ಭಾನುವಾರ ಬಿಡುವಾದರೆ ನಾನು ರಂಗನತಿಟ್ಟು ಇಲ್ಲವೇ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತೇನೆ. ಇರುವುದು ನಿಕಾನ್ ಡಿ7500, ಅದರ ಜೊತೆ ಬಂದ 18-140 ಲೆನ್ಸ್. ಹಕ್ಕಿ ಚಿಕ್ಕದಾಗಿ ಬರುತ್ತದೆ, ಮಗಳು ಬ್ಲರ್ ಆಗುತ್ತಾಳೆ. 1 ಲಕ್ಷದೊಳಗೆ ಒಂದೇ ಲೆನ್ಸ್ ತಗೋಬೇಕು. ಸ್ನೇಹಿತರು 200-500 ತಗೋ ಅಂತಾರೆ. ಏನು ಮಾಡಲಿ ಸಾರ್?
– ಒಬ್ಬ ಓದುಗರು, ಮಂಡ್ಯ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಒಳ್ಳೆಯ ಲೆನ್ಸೇ. (200-500 ಅನ್ನುವುದು ಲೆನ್ಸಿನ ಮಿ.ಮೀ. ಅಳತೆ, ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ಆದರೆ ನಿಮ್ಮ ಕೆಲಸಕ್ಕೆ ಅದು ಬೇಡ.

ಮಗಳು ಯಾಕೆ ಬ್ಲರ್ ಆಗುತ್ತಾಳೆ ನೋಡಿ. ನಿಮ್ಮ 18-140 ಪೂರ್ತಿ ಜೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನಿಕಾನ್ 200-500 ಕೂಡ ಎಫ್5.6. ಅಷ್ಟು ಹಣ ಕೊಟ್ಟು, 2.3 ಕೆಜಿ ಹೊತ್ತುಕೊಂಡು ಹೋದರೂ ಒಳಗೆ ಬೀಳುವ ಬೆಳಕು ಈಗಿನಷ್ಟೇ. ಮಗಳು ದೊಡ್ಡದಾಗಿ ಕಾಣುತ್ತಾಳೆ, ಬ್ಲರ್ ಹಾಗೇ ಉಳಿಯುತ್ತದೆ.

ಎಫ್2.8 ಲೆನ್ಸು ಎಫ್5.6ರ ನಾಲ್ಕರಷ್ಟು ಬೆಳಕು ಬಿಡುತ್ತದೆ. ಓಡುವವರನ್ನು ಫೋಟೊದಲ್ಲಿ ನಿಲ್ಲಿಸಲು ಶಟರ್ 1/1000 ಸೆಕೆಂಡಾದರೂ ಬೇಕು. ಆ ಸ್ಪೀಡಿನಲ್ಲಿ 2.8ಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಹೆಚ್ಚಿಸಿದಷ್ಟೂ ಫೋಟೊ ಕಾಳುಕಾಳಾಗುತ್ತದೆ) 1600 ಸಾಕಾದರೆ, ಅದೇ ಬೆಳಕಿನಲ್ಲಿ 5.6ಕ್ಕೆ 6400 ಬೇಕು. ಮೋಡ ಕವಿದರೆ ಇನ್ನೂ ಜಾಸ್ತಿ. ಲೆನ್ಸಿನಲ್ಲಿ ವಿಆರ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ವಿಆರ್ ತಡೆಯುವುದು ನಿಮ್ಮ ಕೈ ನಡುಕವನ್ನು. ಓಡುವ ಕಾಲನ್ನಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೈಸೂರಿನಲ್ಲಿ ಅಣ್ಣನ ಮಗಳ ಖೋ ಖೋ ಮ್ಯಾಚಿಗೆ ಹೊಸ 150-600 ಹಿಡಿದು ಹೋಗಿದ್ದೆ. ಕೋರ್ಟಿನ ಗೆರೆಯಿಂದ ನಾಲ್ಕು ಹೆಜ್ಜೆ ಆಚೆ ನೆಲದ ಮೇಲೆ ಕೂತಿದ್ದೆ. ನನ್ನ ಕಡೆಯ ಕಂಬದ ಹತ್ತಿರವೇ ಅವಳು ಪೋಲ್ ಡೈವ್ ಹೊಡೆದಳು. ಒಂದು ಕೈ ಕಂಬದ ಮೇಲೆ, ಮೈಯೆಲ್ಲ ಗಾಳಿಯಲ್ಲಿ, ಇನ್ನೊಂದು ಕೈಯ ಬೆರಳು ಎದುರಾಳಿಯ ಬೆನ್ನಿಗೆ ತಾಗಿದೆ. ನನ್ನ ಫೋಟೊದಲ್ಲಿ ಬಂದದ್ದು ಒಂದು ಮೊಣಕೈ, ಅರ್ಧ ಜಡೆ. ಅಷ್ಟು ಹತ್ತಿರಕ್ಕೆ 150 ಕೂಡ ಜಾಸ್ತಿ. ಕೋರ್ಟು ಇರುವುದೇ 27 ಮೀಟರ್ ಉದ್ದ, 16 ಮೀಟರ್ ಅಗಲ, ಆಟ ಕಣ್ಣ ಮುಂದೆಯೇ ತಿರುಗುತ್ತದೆ. ಮುಂದಿನ ವರ್ಷ ಅವಳು ಆಟ ಬಿಟ್ಟಳು. ಆ ಫೋಟೊ ತಪ್ಪಿತಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ನೀವು 70-200 ಎಫ್2.8 ತಗೊಳ್ಳಿ. ನಿಕಾನ್‌ನ ಹೊಸದು ನಿಮ್ಮ ಹಣಕ್ಕೆ ಬರುವುದಿಲ್ಲ. ಅದರ ಹಳೆಯ ವಿಆರ್2, ಇಲ್ಲವೇ ಟ್ಯಾಮ್ರಾನ್ ಜಿ2 ಸೆಕೆಂಡ್ ಹ್ಯಾಂಡ್ ಹುಡುಕಿ. ಎರಡೂ ಸುಮಾರು ಒಂದೂವರೆ ಕೆಜಿ ತೂಗುತ್ತವೆ.

ಹಕ್ಕಿಗೆ 200 ಸಾಲುತ್ತಾ ಅಂತ ಚಿಂತೆ ಅಲ್ವಾ? ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ, ಹಾಗಾಗಿ 200 ಅನ್ನುವುದು ಫುಲ್ ಫ್ರೇಮಿನ 300ರಷ್ಟು ಹತ್ತಿರ ತೋರಿಸುತ್ತದೆ. ಮುಂದೆ ಹಣ ಕೂಡಿದಾಗ ಅದೇ ಕಂಪನಿಯ 1.4 ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ, 1.4 ಪಟ್ಟು ದೊಡ್ಡದು ಮಾಡುವ ತುಂಡು) ಹಾಕಿಕೊಂಡರೆ 420ರಷ್ಟಾಗುತ್ತದೆ. ಬೆಳಕು ಅರ್ಧಕ್ಕಿಳಿದು ಎಫ್4 ಆಗುತ್ತದೆ, ಬೆಳಗಿನ ಹಕ್ಕಿಗೆ ಅಷ್ಟು ಧಾರಾಳ ಸಾಕು. ಅದಕ್ಕಿಂತ ಮುಖ್ಯವಾಗಿ, ನೀವಿರುವುದು ಹಕ್ಕಿಗಳೇ ಹತ್ತಿರ ಬರುವ ಜಿಲ್ಲೆಯಲ್ಲಿ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ಬಂದ ಮಗಳ ಹಾಗೆ ನೋಡಿಕೊಳ್ಳುತ್ತಾರೆ. ದಯವಿಟ್ಟು ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟಬೇಡಿ, ಗೂಡಿನಲ್ಲಿ ಮರಿ ಇರುತ್ತವೆ. ರಂಗನತಿಟ್ಟಿನಲ್ಲೂ ಹುಟ್ಟು ಹಾಕುವವರು ದೋಣಿಯನ್ನು ಬಂಡೆ ಹತ್ತಿರಕ್ಕೇ ಒಯ್ಯುತ್ತಾರೆ. ಅಲ್ಲಿ 500 ಹಿಡಿದರೆ ದೋಣಿಯ ಒಂದೊಂದು ಅಲುಗಾಟಕ್ಕೂ ಮೊಸಳೆ ಫ್ರೇಮಿನಿಂದ ಜಾರುತ್ತದೆ.

ಕಬಿನಿ ಹಿನ್ನೀರಿನ ಆಚೆ ದಡದ ಹುಲಿಗೆ ಮಾತ್ರ 200 ಸಾಲದು. ವರ್ಷಕ್ಕೊಮ್ಮೆ ಹೋಗುವುದಾದರೆ ಆ ಎರಡು ದಿನಕ್ಕೆ ಉದ್ದದ ಲೆನ್ಸ್ ಬಾಡಿಗೆಗೆ ತನ್ನಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮೊಬೈಲ್ ಟಾರ್ಚ್ ಹಚ್ಚಿ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಚುಕ್ಕೆ ನಾಲ್ಕಾರು ಇದ್ದರೆ ಪರವಾಗಿಲ್ಲ. ಜೇಡರ ಬಲೆಯ ಹಾಗೆ ಸಣ್ಣ ಎಳೆ ಹರಡಿದ್ದರೆ ಅದು ಫಂಗಸ್, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಆಮೇಲೆ ನಿಮ್ಮ ಕ್ಯಾಮೆರಾಗೆ ಹಾಕಿ, 2.8ರಲ್ಲೇ ಅಂಗಡಿ ಮುಂದಿನ ಬೈಕುಗಳ ನಂಬರ್ ಪ್ಲೇಟ್ ತೆಗೆಯಿರಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿದಾಗ ಅಕ್ಷರದ ಅಂಚು ಚೂಪಾಗಿರಬೇಕು.

ಮ್ಯಾಚಿನ ದಿನ ಎಎಫ್-ಸಿ (ಓಡುವವರನ್ನು ಬಿಡದೆ ಫೋಕಸ್ ಮಾಡುವ ಮೋಡ್) ಇಟ್ಟುಕೊಂಡು ಕಂಬದ ಪಕ್ಕ ಜಾಗ ಹಿಡಿಯಿರಿ. ನಿಂತು ತೆಗೆಯಬೇಡಿ, ಕೂತು ತೆಗೆಯಿರಿ. ಆಗ ಮಗಳ ಮುಖ ಬರುತ್ತದೆ.

ಪ್ರಶ್ನೆ: ಕಾಲೇಜು ಓದುತ್ತಿದ್ದೇನೆ. ಕ್ಯಾನನ್ ಆರ್50 ಇದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ಫೋಟೊ ತೆಗೆಯುತ್ತೇನೆ, ಬೇರೇನೂ ತೆಗೆಯುವುದಿಲ್ಲ. ಆರ್‌ಎಫ್ 100-400 ಸಾಕಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಸಾಕು, ಸುಮ್ನೆ ತಗೊಳ್ಳಿ. ಮೇಲಿನವರಿಗೆ ಹೇಳಿದ್ದು ನಿಮಗೆ ಬೇಡ. ನಿಮ್ಮ ಹಕ್ಕಿ ಕೆರೆ ನಡುವೆ ದೂರದಲ್ಲಿ ಕೂರುತ್ತದೆ, ನಿಮಗೆ ಬೆಳಗಿನ ಬಿಸಿಲೂ ಸಿಗುತ್ತದೆ. 400ರಲ್ಲಿ ಅದು ಎಫ್8, ಹಾಗಾಗಿ ಬಿಸಿಲು ನೀರಿಗೆ ಬೀಳುವವರೆಗೆ ಕಾಯಬೇಕು. ತೂಕ 635 ಗ್ರಾಂ ಮಾತ್ರ, ಕೆರೆ ಸುತ್ತ ನಡೆಯುವಾಗ ಕೈ ನೋಯುವುದಿಲ್ಲ. ಹುಡ್ (ಓರೆ ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕುವ ಮರೆ) ಡಬ್ಬದಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು.