ಓದುಗರ ಪ್ರಶ್ನೆ: ಕೆನರಾ ಎಲ್ಲಿತ್ತು, ಬೆಟ್ಟು ಎಲ್ಲಿದೆ?

ಪ್ರಶ್ನೆ: ಶಿರೂರಿನ ನಮ್ಮ ಹಳೆಯ ಕ್ರಯಪತ್ರದಲ್ಲಿ ‘ಮದ್ರಾಸ್, ದಕ್ಷಿಣ ಕೆನರಾ’ ಎಂದಿದೆ. ಪಕ್ಕದ ಭಟ್ಕಳದ ನೆಂಟರ ಪತ್ರದಲ್ಲಿ ‘ಬೊಂಬಾಯಿ, ಉತ್ತರ ಕೆನರಾ’ ಎಂದಿದೆ. ಯಾಕೆ ಹೀಗೆ?
– ಓದುಗರೊಬ್ಬರು, ಶಿರೂರು

ಉತ್ತರ: ಎರಡೂ ಸರಿಯೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಕರಾವಳಿ ‘ಕೆನರಾ’ ಎಂಬ ಒಂದೇ ಜಿಲ್ಲೆಯಾಗಿ ಮದ್ರಾಸಿಗೆ ಸೇರಿತು. ಆಮೇಲೆ ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟರು. ಆ ಭಾಗದಲ್ಲಿ ನಿಮ್ಮ ಶಿರೂರು ಸೇರಿದ್ದ ಕುಂದಾಪುರ ತಾಲೂಕು ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ 1956ರವರೆಗೆ ಎರಡು ಪ್ರಾಂತ್ಯಗಳ ಗಡಿ ನಿಮ್ಮೂರಿಗೂ ಭಟ್ಕಳಕ್ಕೂ ನಡುವೆ ಹಾದಿತ್ತು.

ಹಳೆಯ ಕಾಗದ ಕೈಗೆ ಬಂದರೆ ಮೊದಲು ಇಸವಿ ನೋಡಿ, ಜಿಲ್ಲೆಯನ್ನು ಆಮೇಲೆ. ಕಾಸರಗೋಡಿನ ಪತ್ರ 1956ರ ನವೆಂಬರ್‌ಗಿಂತ ಹಿಂದಿನದಾದರೆ ದಕ್ಷಿಣ ಕೆನರಾದ್ದು. ಕಾರ್ಕಳ, ಉಡುಪಿ, ಕುಂದಾಪುರದವು 1997ರ ಆಗಸ್ಟ್‌ವರೆಗೂ ದಕ್ಷಿಣ ಕನ್ನಡ ಜಿಲ್ಲೆಯವೇ. ಉಡುಪಿ ಜಿಲ್ಲೆ ಹುಟ್ಟಿದ್ದೇ ಆಗ. ತೀರಾ ಹಳೆಯ ಕಾಗದಗಳಲ್ಲಿ ಪುತ್ತೂರು ತಾಲೂಕು ‘ಉಪ್ಪಿನಂಗಡಿ ತಾಲೂಕು’ ಎಂದಿರುತ್ತದೆ. ಇಂಗ್ಲಿಷ್ ಕಾಗದದಲ್ಲಿ ಉಡುಪಿ ‘ಉಡಿಪಿ’ ಆಗಿರುತ್ತದೆ. ಈಗಿನ ಹೆಸರು ಹಿಡಿದು ಹುಡುಕುವವರು ಎಡವುವುದು ಇಲ್ಲೇ. ಗ್ರಾಮದ ಹೆಸರು, ಸರ್ವೆ ನಂಬರು ಹಿಡಿದು ಹೊರಡಿ.

ಇನ್ನು ‘ಕೆನರಾ’ ಎಂಬ ಹೆಸರು: ಪೋರ್ಚುಗೀಸರ ಬಾಯಲ್ಲಿ ‘ಕನ್ನಡ’ ಹಾಗಾಯಿತು. ತಮಾಷೆ ಎಂದರೆ, ತುಳು, ಕೊಂಕಣಿ ತುಂಬಿದ ಕರಾವಳಿಗೆ ಕನ್ನಡದ ಹೆಸರು ಬಿತ್ತು. ಅಪ್ಪಟ ಕನ್ನಡದ ಧಾರವಾಡ ಸೀಮೆಯನ್ನು ಬ್ರಿಟಿಷರು ‘ದಕ್ಷಿಣ ಮರಾಠಾ ದೇಶ’ ಎಂದು ಕರೆಯುತ್ತಿದ್ದರು!

ಪ್ರಶ್ನೆ: ನಮ್ಮೂರ ಹೆಸರಿನ ಕೊನೆಗೆ ‘ಬೆಟ್ಟು’ ಇದೆ. ಬೆಟ್ಟ ಮಾತ್ರ ಎಲ್ಲೂ ಕಾಣುವುದಿಲ್ಲವಲ್ಲ?
– ಓದುಗರೊಬ್ಬರು, ಉಡುಪಿ

ಉತ್ತರ: ಬೆಟ್ಟ ಹುಡುಕಬೇಡಿ, ಗದ್ದೆ ನೋಡಿ. ಗುಡ್ಡದ ಬುಡದಿಂದ ತೋಡಿನತನಕ ಗದ್ದೆಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಮೇಲಿನದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೆಟ್ಟುಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಮಳೆ ನಂಬಿ ಏಣೆಲು ಎಂಬ ಒಂದೇ ಬೆಳೆ. ಮಜಲಿನಲ್ಲಿ ಏಣೆಲಿನ ಮೇಲೆ ಎರಡನೆಯ ಬೆಳೆಯಾಗಿ ಸುಗ್ಗಿ. ಬೈಲಿನಲ್ಲಿ ನೀರಿನ ಪಸೆ ಬೇಸಿಗೆಗೂ ಇರುವುದರಿಂದ ಮೂರನೆಯದಾಗಿ ಕೊಳಕೆಯೂ ಆಗುತ್ತದೆ. ಬೆಟ್ಟುಗದ್ದೆಯಲ್ಲಿ ಎರಡನೇ ಬೆಳೆಗೆ ಕೈಹಾಕಿದರೆ ತೆನೆ ಕಟ್ಟುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ಊರಿನ ಹೆಸರೇ ಅಲ್ಲಿ ಮಣ್ಣಿನ ಪರೀಕ್ಷೆಯ ವರದಿ.

ಹೆಸರಿನ ಮೊದಲ ತುಂಡು ದಿಕ್ಕು ಹೇಳುವುದೂ ಉಂಟು. ಮೂಡು ಎಂದರೆ ಪೂರ್ವ, ಪಡು ಪಶ್ಚಿಮ, ಬಡಗ ಉತ್ತರ, ತೆಂಕ ದಕ್ಷಿಣ. ಮೂಡುಬಿದಿರೆ ಒಳನಾಡಿನಲ್ಲಿ, ಪಡುಬಿದ್ರಿ ಕಡಲ ಬದಿಯಲ್ಲಿ. ಬಡಾನಿಡಿಯೂರು, ತೆಂಕನಿಡಿಯೂರು ಕೂಡ ಇದೇ ಲೆಕ್ಕ. ಹೊಳೆಯ ನಡುವಿನ ನಡುಗಡ್ಡೆ ಕುದ್ರು, ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳ ದಿಬ್ಬ ಬೆಂಗ್ರೆ. ಸೀತಾ, ಸುವರ್ಣಾ ಹೊಳೆಗಳು ಕಡಲು ಸೇರುವ ಅಳಿವೆಯ ಬಳಿ ಕೋಡಿಬೆಂಗ್ರೆಗೆ ಹೋದರೆ ಒಂದು ಕೈಯಲ್ಲಿ ಹೊಳೆ, ಇನ್ನೊಂದು ಕೈಯಲ್ಲಿ ಕಡಲು.

ಪ್ರಶ್ನೆ: ಶಿರಸಿಯವರೂ ಕರಾವಳಿಯವರೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಜಿಲ್ಲೆ ಉತ್ತರ ಕನ್ನಡವೇ, ಆದರೆ ಶಿರಸಿ ಘಟ್ಟದ ಮೇಲಿನದು. ಆ ಜಿಲ್ಲೆಯಲ್ಲಿ ಕಡಲು ಮುಟ್ಟುವ ತಾಲೂಕುಗಳು ಐದೇ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ.